ಎಳೆತ ಕುಗ್ಗಿದ ಚೀಲರಹಿತ ವ್ಯಾಕ್ಯೂಮ್ ಕ್ಲೀನರ್: ದೋಷ ಪತ್ತೆಹಚ್ಚುವ ಬಗೆ

ನನ್ನ ಸಂಗ್ರಹದಲ್ಲಿ ಚೀಲವಿಲ್ಲದ ವ್ಯಾಕ್ಯೂಮ್ ಕ್ಲೀನರ್‌ಗಳು ಈಗ ಹನ್ನೊಂದು ಇವೆ. ಅವುಗಳಲ್ಲಿ ಎರಡು ಒಂದೇ ಮಾದರಿಯವು. ಮೊದಲನೆಯದನ್ನು ಹೊಸದಾಗಿ ಕೊಂಡಿದ್ದೆ. ಎರಡನೆಯದು ಬಳಸಿದ ಯಂತ್ರ, ಪರಿಚಯದವರೊಬ್ಬರು ಬೇಡವೆಂದು ಕೊಟ್ಟದ್ದು. ಕೊಡುವಾಗ ಅವರು ಹೇಳಿದ ದೂರು ಇಷ್ಟು: “ಹತ್ತು ನಿಮಿಷ ಚೆನ್ನಾಗಿ ಎಳೆಯುತ್ತದೆ, ಆಮೇಲೆ ಸೊರಗಿಹೋಗುತ್ತದೆ. ಫಿಲ್ಟರ್ ತೊಳೆದರೆ ಎರಡು ದಿನ ಸರಿಯಿರುತ್ತದೆ, ಮತ್ತೆ ಮೊದಲಿನ ಹಾಗೆಯೇ ಆಗುತ್ತದೆ.”

ಚೀಲವಿಲ್ಲದ ಯಂತ್ರ ಇಟ್ಟುಕೊಂಡವರಲ್ಲಿ ಬಹಳ ಮಂದಿಯಿಂದ ಈ ದೂರು ಕೇಳಿದ್ದೇನೆ. ಅದಕ್ಕೆ ಸಿದ್ಧ ಉತ್ತರವೂ ಇದೆ: ಫಿಲ್ಟರ್ ತೊಳೆಯಿರಿ, ಅದಕ್ಕೂ ಬಗ್ಗದಿದ್ದರೆ ಹೊಸದು ಹಾಕಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಚಿಕಿತ್ಸೆ ಅದು. ಸೈಕ್ಲೋನ್, ಎಂದರೆ ಗಾಳಿಯನ್ನು ಗಿರ್ರನೆ ಸುತ್ತಿಸಿ ಧೂಳನ್ನು ಬೇರ್ಪಡಿಸುವ ಭಾಗ, ತನ್ನ ಕೆಲಸವನ್ನು ನೆಟ್ಟಗೆ ಮಾಡುತ್ತಿದ್ದರೆ ಫಿಲ್ಟರ್‌ವರೆಗೆ ಬರುವ ಧೂಳು ಅತ್ಯಲ್ಪ. ತಿಂಗಳುಗಟ್ಟಲೆ ಅದನ್ನು ಮುಟ್ಟದೆ ಇರಬಹುದು. ಎರಡೇ ದಿನದಲ್ಲಿ ಫಿಲ್ಟರ್ ಬೂದಿಯಂತಾದರೆ ಗಾಳಿಯ ದಾರಿಯಲ್ಲಿ ಅದಕ್ಕಿಂತ ಹಿಂದೆ ಎಲ್ಲೋ ಒಂದು ಕಡೆ ಕೆಟ್ಟಿದೆ ಎಂದೇ ಅರ್ಥ. ಆ ಜಾಗವನ್ನು ಹುಡುಕುವ ಕ್ರಮವನ್ನು, ನಾನು ಮಾಡಿ ನೋಡಿ ಗಟ್ಟಿ ಮಾಡಿಕೊಂಡ ಹಾಗೆ, ಇಲ್ಲಿ ಬರೆಯುತ್ತಿದ್ದೇನೆ. ಎರಡು ಯಂತ್ರಗಳನ್ನು ಹೋಲಿಸಿ ನೋಡುವವರಿಗೆ ಇದು ಇನ್ನೂ ಮುಖ್ಯ. ಕಾಯಿಲೆ ಬಿದ್ದ ಯಂತ್ರವನ್ನು ಗಟ್ಟಿಮುಟ್ಟಾದ ಯಂತ್ರದ ಪಕ್ಕ ನಿಲ್ಲಿಸಿ “ಈ ಮಾದರಿಯೇ ಚೆನ್ನಾಗಿಲ್ಲ” ಎಂದು ತೀರ್ಪು ಕೊಟ್ಟರೆ ಅದು ಆ ಮಾದರಿಗೆ ಮಾಡುವ ಅನ್ಯಾಯ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಂತ್ರದ ಯಾವ ಭಾಗವನ್ನು ಬಿಚ್ಚುವ ಮೊದಲೂ ಪ್ಲಗ್ಗನ್ನು ಗೋಡೆಯಿಂದ ಕೀಳಬೇಕು. ಸ್ವಿಚ್ ಆರಿಸಿದರೆ ಸಾಲದು. ಬ್ಯಾಟರಿಯ ಯಂತ್ರವಾದರೆ ಬ್ಯಾಟರಿಯನ್ನು ಕಳಚಿ ಪಕ್ಕಕ್ಕಿಡಬೇಕು.

ಗಾಳಿ ಹೋಗುವ ದಾರಿ

ದೋಷ ಹುಡುಕುವವರ ಕಣ್ಣಮುಂದೆ ಗಾಳಿಯ ದಾರಿ ಇರಬೇಕು. ನೆಲದ ಬ್ರಷ್‌ನಿಂದ ಗಾಳಿ ಕೊಳವೆಗೆ, ಅಲ್ಲಿಂದ ಹೋಸ್ ಪೈಪಿಗೆ, ಅಲ್ಲಿಂದ ಧೂಳಿನ ಡಬ್ಬಿಗೆ ಬರುತ್ತದೆ. ಡಬ್ಬಿಯೊಳಗೆ ಅದು ನೇರವಾಗಿ ನುಗ್ಗುವುದಿಲ್ಲ. ಗೋಡೆಯನ್ನು ಸವರಿಕೊಂಡು ಓರೆಯಾಗಿ ಒಳಬರುವಂತೆ ಬಾಯಿಯನ್ನು ಮಾಡಿರುತ್ತಾರೆ. ಹಾಗಾಗಿ ಗಾಳಿ ಗಿರ್ರನೆ ಸುತ್ತುತ್ತದೆ, ಭಾರದ ಕಸ ಗೋಡೆಗೆ ಒತ್ತರಿಸಿಕೊಂಡು ಕೆಳಗಿಳಿಯುತ್ತದೆ, ಹಗುರಾದ ಗಾಳಿ ನಡುವಿನ ಜಾಲರಿಯ ಮೂಲಕ ಮೇಲಕ್ಕೆ ಹೋಗುತ್ತದೆ. ಬಹುತೇಕ ಒಳ್ಳೆಯ ಯಂತ್ರಗಳಲ್ಲಿ ಇದರ ಮೇಲೆ ಸಣ್ಣ ಆಲಿಕೆಗಳ ಇನ್ನೊಂದು ಸಾಲು ಇರುತ್ತದೆ. ಸುತ್ತುವ ವೇಗ ಅಷ್ಟೇ ಇದ್ದು ಸುತ್ತಿನ ತ್ರಿಜ್ಯ ಅರ್ಧವಾದರೆ ಕಣವನ್ನು ಹೊರಕ್ಕೆ ತಳ್ಳುವ ಬಲ ಎರಡರಷ್ಟಾಗುತ್ತದೆ. ಅದಕ್ಕೇ ನಯವಾದ ಧೂಳನ್ನು ಹಿಡಿಯಲು ಕಿರಿದಾದ ಆಲಿಕೆಗಳು ಬೇಕು. ಇಷ್ಟೆಲ್ಲ ದಾಟಿ ಬಂದ ಗಾಳಿ ಮೋಟಾರಿಗೆ ಮುಂಚಿನ ಫಿಲ್ಟರ್, ಮೋಟಾರ್, ಮೋಟಾರಿನ ನಂತರದ ಫಿಲ್ಟರ್ ಮೂಲಕ ಹೊರಬೀಳುತ್ತದೆ.

ಸೈಕ್ಲೋನ್ ಹೊಸದೇನಲ್ಲ. ಗಿರಣಿಗಳಲ್ಲಿ ಧೂಳು ಬೇರ್ಪಡಿಸಲು ಹತ್ತೊಂಬತ್ತನೆಯ ಶತಮಾನದಿಂದಲೂ ಅದು ಬಳಕೆಯಲ್ಲಿತ್ತು. ಅದನ್ನು ಮನೆಯ ಯಂತ್ರದೊಳಗೆ ಕೂರಿಸಲು ಬ್ರಿಟನ್ನಿನ ಆವಿಷ್ಕಾರಕ ಜೇಮ್ಸ್ ಡೈಸನ್ 5,127 ಮಾದರಿಗಳನ್ನು ಮಾಡಿ ನೋಡಿದರು. 1986ರಲ್ಲಿ ಜಪಾನಿನಲ್ಲಿ ‘ಜಿ-ಫೋರ್ಸ್’ ಎಂಬ ಗುಲಾಬಿ ಬಣ್ಣದ ಯಂತ್ರವಾಗಿ, 1993ರಲ್ಲಿ ಬ್ರಿಟನ್ನಿನಲ್ಲಿ ‘ಡಿಸಿ01’ ಆಗಿ ಅದು ಮಾರುಕಟ್ಟೆಗೆ ಬಂತು. ಡಿಸಿ01ರ ಪಾರದರ್ಶಕ ಡಬ್ಬಿಯನ್ನು ಸಂಗ್ರಹಕಾರರು ಅಂದಕ್ಕಾಗಿ ಮೆಚ್ಚುತ್ತಾರೆ. ನನಗೆ ಅದು ಪ್ರಿಯವಾಗಿರುವುದು ಬೇರೆ ಕಾರಣಕ್ಕೆ: ರೋಗಿಯ ಹೊಟ್ಟೆಯೊಳಗೆ ಏನು ನಡೆಯುತ್ತಿದೆ ಎಂದು ಹೊರಗಿನಿಂದಲೇ ಕಾಣುತ್ತದೆ. ಚೀಲದ ಯಂತ್ರದಲ್ಲಿ ಈ ಕಿಟಕಿ ಇರಲಿಲ್ಲ.

ಮೊದಲು ಕಿವಿಗೆ ಕೆಲಸ ಕೊಡಿ

ಯಾವುದೇ ಉಪಕರಣ ಕೈಗೆತ್ತಿಕೊಳ್ಳುವ ಮೊದಲು ಯಂತ್ರದ ಸದ್ದನ್ನು ಕೇಳಬೇಕು. ವಿದ್ಯುತ್ ತಂತಿಯಿಂದ ನಡೆಯುವ ಯಂತ್ರಗಳಲ್ಲಿ ಹೆಚ್ಚಿನವು ಕಾರ್ಬನ್ ಬ್ರಷ್ (ಮೋಟಾರಿನ ತಿರುಗುವ ಭಾಗಕ್ಕೆ ತಾಗಿಕೊಂಡು ವಿದ್ಯುತ್ ಮುಟ್ಟಿಸುವ ಇಂಗಾಲದ ತುಂಡು) ಇರುವ ಮೋಟಾರಿನವು. ಈ ಮೋಟಾರಿಗೆ ಹೊರೆ ಕಡಿಮೆಯಾದರೆ ವೇಗ ಹೆಚ್ಚುತ್ತದೆ. ಇಲ್ಲಿನ ಹೊರೆ ಎಂದರೆ ಫ್ಯಾನ್ ದಬ್ಬುವ ಗಾಳಿ. ದಾರಿ ಕಟ್ಟಿಕೊಂಡಾಗ ಫ್ಯಾನ್‌ಗೆ ದಬ್ಬಲು ಗಾಳಿ ಸಿಗುವುದಿಲ್ಲ, ಆದ್ದರಿಂದ ಮೋಟಾರ್ ಇನ್ನೂ ಜೋರಾಗಿ ತಿರುಗಿ ಕೀರಲು ದನಿ ಹೊರಡಿಸುತ್ತದೆ. ಆ ದನಿಯನ್ನು ಕೇಳಿ “ಪಾಪ, ಎಷ್ಟು ಕಷ್ಟಪಡುತ್ತಿದೆ” ಎಂದುಕೊಳ್ಳುವವರು ಬಹಳ. ನಿಜದಲ್ಲಿ ಅದಕ್ಕೆ ಆಗ ಕೆಲಸ ಕಡಿಮೆಯಾಗಿರುತ್ತದೆ. ವ್ಯಾಟ್ ಮೀಟರ್ ಸಿಕ್ಕಿಸಿ ನೋಡಿದರೆ ಬಾಯಿ ಮುಚ್ಚಿದ ಕೂಡಲೇ ಅಂಕಿ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಆದರೂ ಹಾಗೆ ಬಹಳ ಹೊತ್ತು ಓಡಿಸಬಾರದು, ಏಕೆಂದರೆ ಮೋಟಾರನ್ನು ತಂಪಾಗಿಡುವುದೂ ಅದೇ ಗಾಳಿ.

ಪರೀಕ್ಷೆ ಹೀಗೆ. ಹೋಸ್ ಪೈಪಿನ ಬಾಯಿ ತೆರೆದಿಟ್ಟು ಯಂತ್ರ ಓಡಿಸಿ, ದನಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಆಮೇಲೆ ಅಂಗೈಯಿಂದ ಬಾಯಿಯನ್ನು ಪೂರ್ತಿ ಮುಚ್ಚಿ, ನಾಲ್ಕೈದು ಸೆಕೆಂಡು ಕೇಳಿ. ಆರೋಗ್ಯವಾಗಿರುವ ಯಂತ್ರದಲ್ಲಿ ದನಿ ಸ್ಪಷ್ಟವಾಗಿ ಮೇಲೇರುತ್ತದೆ, ಕೈ ತೆಗೆದರೆ ಇಳಿಯುತ್ತದೆ. ಬಾಯಿ ತೆರೆದಿರುವಾಗಲೇ ದನಿ ಕೀರಲಾಗಿದ್ದು, ಮುಚ್ಚಿದಾಗ ಹೆಚ್ಚೇನೂ ಬದಲಾಗದಿದ್ದರೆ ದಾರಿ ಎಲ್ಲೋ ಕಟ್ಟಿದೆ. ಬಾಯಿ ಮುಚ್ಚಿದರೂ ದನಿ ಏರದೆ ಗೊಗ್ಗರವಾಗಿಯೇ ಉಳಿದರೆ ಎಲ್ಲೋ ಗಾಳಿ ಸೋರುತ್ತಿದೆ. ಎರಡೂ ಸಂದರ್ಭದಲ್ಲಿ ನೆಲದ ಮೇಲೆ ಕಾಣುವ ಲಕ್ಷಣ ಒಂದೇ, ಎಳೆತ ಇಲ್ಲ. ಕಿವಿ ಮಾತ್ರ ಇವೆರಡನ್ನು ಅರ್ಧ ನಿಮಿಷದಲ್ಲಿ ಬೇರ್ಪಡಿಸುತ್ತದೆ.

ಕಿವಿಯ ಮೇಲೆ ಅಷ್ಟು ನಂಬಿಕೆ ಇಲ್ಲದವರು ಮೊಬೈಲಿನಲ್ಲಿ ಸದ್ದಿನ ಕಂಪನಾಂಕ ತೋರಿಸುವ ಆ್ಯಪ್ ಇಟ್ಟುಕೊಳ್ಳಬಹುದು. ನಿಮಿಷಕ್ಕೆ 30,000 ಸುತ್ತು ತಿರುಗುವ ಮೋಟಾರ್ ಎಂದರೆ ಸೆಕೆಂಡಿಗೆ 500 ಸುತ್ತು. ಪರದೆಯ ಮೇಲೆ 500 ಹರ್ಟ್ಸ್ ಬಳಿ ಒಂದು ಮೊನೆ ಕಾಣುತ್ತದೆ, ಫ್ಯಾನಿನ ರೆಕ್ಕೆಗಳಿಂದಾಗಿ ಅದಕ್ಕಿಂತ ಬಹಳ ಮೇಲೆ ಇನ್ನೊಂದು. ಬಾಯಿ ಮುಚ್ಚಿದಾಗ ಆ ಮೊನೆ ಎಷ್ಟು ಸರಿಯುತ್ತದೆ ಎಂದು ಪ್ರತಿ ಯಂತ್ರಕ್ಕೂ ಬರೆದಿಟ್ಟುಕೊಂಡಿದ್ದೇನೆ. ಬ್ಯಾಟರಿಯಿಂದ ನಡೆಯುವ, ಕಾರ್ಬನ್ ಬ್ರಷ್ ಇಲ್ಲದ ಮೋಟಾರುಗಳಿಗೆ ಈ ಪರೀಕ್ಷೆಯನ್ನು ಹಾಗೆಯೇ ಅನ್ವಯಿಸಬೇಡಿ. ಅವುಗಳ ವೇಗವನ್ನು ಒಂದು ಚಿಪ್ ನಿಯಂತ್ರಿಸುತ್ತದೆ. ದಾರಿ ಕಟ್ಟಿದರೆ ಹಲವು ಯಂತ್ರಗಳು ತಾವೇ ಬಿಟ್ಟುಬಿಟ್ಟು ಮಿಡಿಯುವ ಸದ್ದು ಮಾಡಿ ಸೂಚನೆ ಕೊಡುತ್ತವೆ.

ಎರಡು ಅಳತೆ, ಒಂದಲ್ಲ

ಹೋಲಿಕೆಯ ಆಸಕ್ತಿ ಇರುವವರ ಬಳಿ ಸಾಮಾನ್ಯವಾಗಿ ನಿರ್ವಾತ ಅಳೆಯುವ ಡಯಲ್ ಗೇಜ್ ಒಂದು ಇರುತ್ತದೆ. ಅದನ್ನು ಯಂತ್ರದ ಬಾಯಿಗೆ ಒತ್ತಿ ಹಿಡಿದು, ಬಂದ ಅಂಕಿಯನ್ನೇ ಯಂತ್ರದ ಯೋಗ್ಯತೆ ಎಂದು ಬರೆದುಕೊಳ್ಳುತ್ತಾರೆ. ಈ ಅಂಕಿ ಸುಳ್ಳಲ್ಲ, ಆದರೆ ಅರ್ಧ ಸತ್ಯ. ಬಾಯಿ ಪೂರ್ತಿ ಮುಚ್ಚಿರುವಾಗ ಗಾಳಿ ಹರಿಯುವುದೇ ಇಲ್ಲ. ಗಾಳಿ ಹರಿಯದಿದ್ದರೆ ಕಟ್ಟಿಕೊಂಡ ಫಿಲ್ಟರ್ ಒಡ್ಡುವ ತಡೆಯೂ ಕಾಣುವುದಿಲ್ಲ. ಕೆಸರು ಮೆತ್ತಿದ ಫಿಲ್ಟರ್ ಇಟ್ಟು ಅಳೆದರೂ ಗೇಜಿನ ಮುಳ್ಳು ಹೆಚ್ಚುಕಡಿಮೆ ಪೂರ್ತಿ ಏರಿ ನಿಲ್ಲುತ್ತದೆ.

ಅದಕ್ಕೇ ಎರಡು ಅಳತೆ ಬೇಕು. ಒಂದು, ಬಾಯಿ ಮುಚ್ಚಿದ್ದು. ಇನ್ನೊಂದು, ನಡುವೆ ತೂತು ಇರುವ ತಟ್ಟೆಯನ್ನು ಬಾಯಿಗೆ ಇಟ್ಟಾಗಿನದು. ನಾನು ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ 20 ಮಿಲಿಮೀಟರ್ ವ್ಯಾಸದ ತೂತು ಕೊರೆದು, ಅದರ ಪಕ್ಕ ಗೇಜಿನ ನಳಿಕೆಗೆ ಇನ್ನೊಂದು ಸಣ್ಣ ರಂಧ್ರ ಮಾಡಿದ್ದೇನೆ. ಅಂಚಿಗೆ ಮೆತ್ತನೆಯ ರಬ್ಬರ್ ಅಂಟಿಸಿದ್ದೇನೆ. ತೂತಿನ ಅಳತೆ ಇಷ್ಟೇ ಇರಬೇಕೆಂದೇನಿಲ್ಲ, ಆದರೆ ಎಲ್ಲ ಯಂತ್ರಗಳಿಗೂ ಎಲ್ಲ ಕಾಲಕ್ಕೂ ಅದೇ ತಟ್ಟೆಯನ್ನು ಬಳಸಬೇಕು.

ಈಗ ಓದುವುದು ಸುಲಭ. ಮುಚ್ಚಿದ ಅಳತೆ ಚೆನ್ನಾಗಿದ್ದು ತೂತಿನ ಅಳತೆ ಕುಸಿದಿದ್ದರೆ ದಾರಿ ಕಟ್ಟಿದೆ. ಮುಚ್ಚಿದ ಅಳತೆಯೇ ಕಡಿಮೆ ಇದ್ದರೆ ಸೋರಿಕೆ ಇದೆ, ಇಲ್ಲವೇ ಮೋಟಾರ್ ಸೊರಗಿದೆ. ಎರಡೂ ಬಿದ್ದುಹೋಗಿದ್ದರೆ ಸೋರಿಕೆಯಿಂದ ಆರಂಭಿಸಿ, ಏಕೆ ಎಂಬುದು ಮುಂದೆ ಬರುತ್ತದೆ. ಒಂದು ಎಚ್ಚರಿಕೆ: ಕೆಲವು ಯಂತ್ರಗಳಲ್ಲಿ ದಾರಿ ಕಟ್ಟಿದಾಗ ತಾನೇ ತೆರೆದುಕೊಂಡು ಗಾಳಿ ಒಳಬಿಡುವ ಸುರಕ್ಷತಾ ವಾಲ್ವ್ ಇರುತ್ತದೆ. ಮುಚ್ಚಿದ ಅಳತೆಯ ವೇಳೆ ಅದು ತೆರೆದು ಸೋರಿಕೆಯ ಹಾಗೆಯೇ ಕಾಣುತ್ತದೆ. ಅಂಥ ಯಂತ್ರ ಸುಸ್ಥಿತಿಯಲ್ಲಿರುವಾಗ ಎಷ್ಟು ತೋರಿಸುತ್ತದೆ ಎಂದು ಗೊತ್ತಿದ್ದರೆ ಗಾಬರಿಪಡಬೇಕಿಲ್ಲ.

ಗೇಜ್ ಇಲ್ಲದವರು ನೀರಿನ ಕೊಳವೆ ಬಳಸಬಹುದು. ಒಂದು ಕಿಲೋಪ್ಯಾಸ್ಕಲ್ ಎಳೆತ ನೀರನ್ನು ಸುಮಾರು 10 ಸೆಂಟಿಮೀಟರ್ ಮೇಲೆತ್ತುತ್ತದೆ. ಇಪ್ಪತ್ತು ಕಿಲೋಪ್ಯಾಸ್ಕಲ್ ಎಳೆಯುವ ಯಂತ್ರಕ್ಕೆ ನೀರು ಎರಡು ಮೀಟರ್ ಏರುತ್ತದೆ, ಆದ್ದರಿಂದ ಪಾರದರ್ಶಕ ಕೊಳವೆಯನ್ನು ಮೂರು ಮೀಟರ್ ಎತ್ತರಕ್ಕೆ ಕಟ್ಟಿ, ಕೆಳತುದಿಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಬೇಕಾಗುತ್ತದೆ. ಮೆಟ್ಟಿಲ ಕಟಕಟೆಯಿಂದ ಇಳಿಬಿಟ್ಟರೆ ಅನುಕೂಲ. ಕೊಳವೆಗೂ ಯಂತ್ರಕ್ಕೂ ನಡುವೆ ಗಟ್ಟಿ ಗೋಡೆಯ ಖಾಲಿ ಬಾಟಲಿಯೊಂದನ್ನು ತಡೆಯಾಗಿ ಇಡದೆ ಈ ಪರೀಕ್ಷೆ ಮಾಡಲೇಬೇಡಿ. ನೀರು ಮೋಟಾರ್ ತಲುಪಿದರೆ ಅಪಾಯ.

ನನ್ನ ಅವಳಿ ಯಂತ್ರಗಳ ಪುಟದಲ್ಲಿ ಆ ದಿನ ಬರೆದ ಅಂಕಿಗಳು: ಒಳ್ಳೆಯದು ಮುಚ್ಚಿದಾಗ 19, ತೂತಿನಲ್ಲಿ 11 ಕಿಲೋಪ್ಯಾಸ್ಕಲ್. ಕಾಯಿಲೆಯದು ಮುಚ್ಚಿದಾಗ 15, ತೂತಿನಲ್ಲಿ 6. ಫಿಲ್ಟರ್ ಕಟ್ಟಿದ್ದು ಮಾತ್ರವೇ ದೋಷವಾಗಿದ್ದರೆ ಮುಚ್ಚಿದ ಅಳತೆ 19ರ ಆಸುಪಾಸಿನಲ್ಲೇ ಇರಬೇಕಿತ್ತು. ಆ ನಾಲ್ಕರ ವ್ಯತ್ಯಾಸವೇ ನನ್ನನ್ನು ಫಿಲ್ಟರ್‌ನಿಂದ ಬೇರೆಡೆಗೆ ತಿರುಗಿಸಿದ್ದು.

ಒಂದೊಂದೇ ಭಾಗ ಅದಲುಬದಲು

ಒಂದೇ ಮಾದರಿಯ ಎರಡು ಯಂತ್ರ ಇರುವವರು ಭಾಗ್ಯವಂತರು. ಒಂದರ ಭಾಗವನ್ನು ಇನ್ನೊಂದಕ್ಕೆ ಹಾಕಿ, ದೋಷ ಯಾವುದರ ಜೊತೆ ಹೋಗುತ್ತದೆ ಎಂದು ನೋಡಿದರೆ ಸಾಕು. ಆದರೆ ಒಮ್ಮೆಗೆ ಒಂದೇ ಭಾಗ. ಎರಡು ಭಾಗ ಒಟ್ಟಿಗೆ ಬದಲಿಸಿದರೆ ಯಾವುದು ಗುಣ ಮಾಡಿತು ಎಂದು ಎಂದಿಗೂ ತಿಳಿಯುವುದಿಲ್ಲ.

ಒಂದೇ ಯಂತ್ರ ಇರುವವರು ಹೊರತುದಿಯಿಂದ ಒಳಕ್ಕೆ ಬರಬೇಕು. ನೆಲದ ಬ್ರಷ್ ಕಳಚಿ ಕೊಳವೆಯ ತುದಿಯಲ್ಲಿ ಅಳೆಯಿರಿ, ಕೊಳವೆ ಕಳಚಿ ಹೋಸ್ ತುದಿಯಲ್ಲಿ, ಹೋಸ್ ಕಳಚಿ ಯಂತ್ರದ ಬಾಯಲ್ಲೇ. ಯಾವ ಭಾಗ ತೆಗೆದೊಡನೆ ಅಂಕಿ ಜಿಗಿಯಿತೋ ಅದರಲ್ಲೇ ದೋಷ. ಹೋಸ್ ಪೈಪಿನ ತಡೆಯನ್ನು ಪರೀಕ್ಷಿಸಲು ಗೋಲಿಯೊಂದನ್ನು ಒಂದು ತುದಿಯಿಂದ ಬಿಟ್ಟು ಇನ್ನೊಂದರಿಂದ ಉರುಳಿ ಬರುತ್ತದೆಯೇ ನೋಡಿ. ಸೋರಿಕೆಗೆ ಹೋಸನ್ನು ಹಿಗ್ಗಿಸಿ, ಬೆಳಕಿಗೆ ಹಿಡಿದು, ಇಂಚಿಂಚಾಗಿ ಬಗ್ಗಿಸಿ ನೋಡಬೇಕು. ಬಿರುಕು ಬಿಡುವುದು ಹೆಚ್ಚಾಗಿ ಗಟ್ಟಿ ಪ್ಲಾಸ್ಟಿಕ್ ತುದಿ ಸೇರುವ ಜಾಗದಲ್ಲಿ, ಅದೂ ಮಡಿಕೆಯ ಒಳಸಂದಿಯಲ್ಲಿ. ಹೋಸ್ ನೆಟ್ಟಗಿರುವಾಗ ಕಾಣದು, ಬಗ್ಗಿದಾಗ ಬಾಯಿ ಬಿಡುತ್ತದೆ.

ನನ್ನ ಯಂತ್ರದಲ್ಲಿ ಹೋಸ್ ಬದಲಿಸಿದೆ, ಬದಲಾವಣೆ ಇಲ್ಲ. ಫಿಲ್ಟರ್ ಬದಲಿಸಿದೆ, ತೂತಿನ ಅಳತೆ ಏರಿತು, ಮುಚ್ಚಿದ ಅಳತೆ ಕದಲಲಿಲ್ಲ. ಧೂಳಿನ ಡಬ್ಬಿಯನ್ನು ಬದಲಿಸಿದೆ. ಮುಳ್ಳು ಒಂದೇ ನೆಗೆತಕ್ಕೆ 19ಕ್ಕೆ ಬಂತು. ಒಳ್ಳೆಯ ಯಂತ್ರಕ್ಕೆ ಆ ಡಬ್ಬಿ ಹಾಕಿದರೆ ಅದು 15ಕ್ಕೆ ಇಳಿಯಿತು. ರೋಗ ಡಬ್ಬಿಯ ಜೊತೆಗೇ ಓಡಾಡುತ್ತಿತ್ತು.

ಡಬ್ಬಿಯ ತಳದ ರಬ್ಬರ್

ಡಬ್ಬಿಯ ತಳದ ಮುಚ್ಚಳದಲ್ಲಿ ಉಂಗುರದಂತಹ ರಬ್ಬರ್ ಸೀಲ್ ಒಂದು ಇರುತ್ತದೆ. ಯಂತ್ರ ಓಡುವಾಗ ಡಬ್ಬಿಯೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ, ಆದ್ದರಿಂದ ಅಲ್ಲಿ ಸಂದಿ ಬಿದ್ದರೆ ಒಳಗಿನ ಧೂಳು ಹೊರಗೆ ಬರುವುದಿಲ್ಲ. ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಹೊರಗೆ ಧೂಳು ಚೆಲ್ಲದಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಆ ಗಾಳಿ ನುಗ್ಗುವ ಜಾಗ ಯಾವುದು ನೋಡಿ: ಧೂಳು ಬಂದು ಶಾಂತವಾಗಿ ಕೂರಬೇಕಾದ ತಳವೇ ಅದು. ಸೈಕ್ಲೋನ್ ಶ್ರಮಪಟ್ಟು ಕೆಳಗಿಳಿಸಿದ ನಯವಾದ ಧೂಳನ್ನು ಕೆಳಗಿನಿಂದ ಚಿಮ್ಮುವ ಗಾಳಿ ಮತ್ತೆ ಎಬ್ಬಿಸಿ, ನಡುವಿನ ಮೇಲ್ಮುಖ ಹರಿವಿಗೆ ಒಪ್ಪಿಸುತ್ತದೆ. ಅಲ್ಲಿಂದ ಅದು ನೇರ ಫಿಲ್ಟರ್‌ಗೆ ಹೋಗುತ್ತದೆ. ಸೈಕ್ಲೋನಿನ ಮೇಲ್ಭಾಗದಲ್ಲಿ ಇಷ್ಟೇ ದೊಡ್ಡ ಸಂದಿ ಇದ್ದರೆ ಎಳೆತ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೆ. ತಳದಲ್ಲಿದ್ದರೆ ಎಳೆತವೂ ಹೋಗುತ್ತದೆ, ಫಿಲ್ಟರೂ ಕಟ್ಟುತ್ತದೆ. ಎರಡು ದೋಷ ಒಟ್ಟಿಗೆ ಕಂಡಾಗ ಸೋರಿಕೆಯಿಂದ ಆರಂಭಿಸಿ ಎಂದು ಮೇಲೆ ಹೇಳಿದ್ದು ಇದಕ್ಕೇ.

ಸೀಲನ್ನು ಪರೀಕ್ಷಿಸಲು ಮೂರು ದಾರಿ ಬಲ್ಲೆ. ಮೊದಲನೆಯದು ಕಾಗದದ ಪಟ್ಟಿ. ಬೆರಳಗಲದ ಪಟ್ಟಿಯನ್ನು ಮುಚ್ಚಳದ ಅಂಚಿನಲ್ಲಿಟ್ಟು ಮುಚ್ಚಿ, ಮೆಲ್ಲಗೆ ಎಳೆಯಿರಿ. ಸುತ್ತಲೂ ಎಂಟು ಜಾಗದಲ್ಲಿ ಹೀಗೆ ಮಾಡಿ. ಎಲ್ಲ ಕಡೆ ಒಂದೇ ಬಿಗಿ ಇರಬೇಕು. ಎರಡನೆಯದು, ಕತ್ತಲೆಯ ಕೋಣೆಯಲ್ಲಿ ಡಬ್ಬಿಯೊಳಗೆ ಸಣ್ಣ ಟಾರ್ಚ್ ಇಟ್ಟು ಅಂಚನ್ನು ನೋಡುವುದು; ಪಾರದರ್ಶಕ ಗೋಡೆಗೆ ಕಪ್ಪು ಬಟ್ಟೆ ಸುತ್ತಬೇಕಾಗುತ್ತದೆ. ಮೂರನೆಯದು ನನಗೆ ಅತ್ಯಂತ ಇಷ್ಟವಾದದ್ದು, ಸೀಮೆಸುಣ್ಣದ ಪುಡಿ. ಡಬ್ಬಿಯನ್ನು ಖಾಲಿ ಮಾಡಿ ಒರೆಸಿ, ಒಣಗಿಸಿ, ಮುಚ್ಚಳದ ಹೊರಗಿನ ಸಂದಿಗೆ ಚಿಟಿಕೆಯಷ್ಟು ಪುಡಿಯನ್ನು ಸಣ್ಣ ಕುಂಚದಿಂದ ಸವರಿ, ಯಂತ್ರವನ್ನು ಹತ್ತು ಸೆಕೆಂಡು ಓಡಿಸಿ ನಿಲ್ಲಿಸಬೇಕು.

ನಾನು ಹಾಗೆ ಮಾಡಿದ ದಿನ ಡಬ್ಬಿಯನ್ನು ಬೆಳಕಿಗೆ ಎತ್ತಿ ಹಿಡಿದು ನೋಡಿದೆ. ಮುಚ್ಚಳವನ್ನು ಬಿಗಿಯುವ ಕೊಕ್ಕೆಯ ಎಡಬದಿಗೆ, ಹೆಬ್ಬೆರಳಿನ ಅಗಲದಷ್ಟು ದೂರದಲ್ಲಿ, ಒಳಗೋಡೆಯ ಮೇಲೆ ಒಂದು ಬಿಳಿಯ ಗೆರೆ ಎದ್ದಿತ್ತು. ಬುಡದಲ್ಲಿ ಕೂದಲೆಳೆಯಷ್ಟು ಸಣ್ಣದು, ಮೇಲೆ ಹೋದಂತೆ ಬೀಸಣಿಗೆಯಂತೆ ಹರಡಿ, ಗಾಳಿ ಸುತ್ತುವ ದಿಕ್ಕಿಗೆ ಬಾಗಿತ್ತು. ಮುಚ್ಚಳ ತೆರೆದು ಆ ಜಾಗದ ರಬ್ಬರನ್ನು ಉಗುರಿನಿಂದ ಎತ್ತಿದರೆ, ಅದರ ತೆಳುವಾದ ತುಟಿ ಒಳಮುಖವಾಗಿ ಮಡಚಿಕೊಂಡಿತ್ತು. ಮಡಿಕೆಯೊಳಗೆ ಎರಡು ಕೂದಲು, ಅವಕ್ಕೆ ಅಂಟಿ ಕಲ್ಲಿನಂತಾದ ನಯವಾದ ಧೂಳಿನ ಒಂದು ಕಾಳು. ಡಬ್ಬಿ ಖಾಲಿ ಮಾಡಿ ಮುಚ್ಚಿದಾಗಲೆಲ್ಲ ಆ ಕಾಳು ರಬ್ಬರನ್ನು ಎತ್ತಿ ಹಿಡಿಯುತ್ತಿತ್ತು. ಎಷ್ಟೋ ಫಿಲ್ಟರ್‌ಗಳನ್ನು ತಿಂದುಹಾಕಿದ್ದು ಎಳ್ಳುಕಾಳಿನಷ್ಟಿದ್ದ ಆ ವಸ್ತು.

ಸರಿಮಾಡುವುದು ಕಷ್ಟವಲ್ಲ. ಸೀಲನ್ನು ಅದರ ತೋಡಿನಿಂದ ಜೋಪಾನವಾಗಿ ಬಿಡಿಸಿ, ಯಾವ ಮೈ ಮೇಲಿತ್ತು ಎಂದು ಮೊದಲೇ ಫೋಟೊ ತೆಗೆದುಕೊಂಡು, ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಡಿ. ರಬ್ಬರ್ ಮೆತ್ತಗಾದ ಮೇಲೆ ಮಡಿಕೆಯನ್ನು ಬೆರಳಿನಿಂದ ನೇರ್ಪಡಿಸಿ. ತೋಡನ್ನು ಹತ್ತಿಯ ಕಡ್ಡಿಯಿಂದ ಉಜ್ಜಿ. ಪೂರ್ತಿ ಒಣಗಿದ ನಂತರ ಸಿಲಿಕೋನ್ ಗ್ರೀಸನ್ನು ಕಂಡೂ ಕಾಣದಷ್ಟು ಸವರಿ ಕೂರಿಸಿ. ಹೆಚ್ಚಾದರೆ ಅದೇ ಧೂಳನ್ನು ಹಿಡಿಯುತ್ತದೆ. ಪೆಟ್ರೋಲಿಯಂ ಜೆಲ್ಲಿ ಬೇಡ, ಅದು ಹಲವು ಬಗೆಯ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ. ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಹೊಸದೇ ಬೇಕು. ಅಂಟು ಹಚ್ಚಿ ಸುಧಾರಿಸುವ ಯೋಚನೆ ಮಾಡಬೇಡಿ. ಸೀಲ್ ಚೆನ್ನಾಗಿದ್ದೂ ಕಾಗದದ ಪಟ್ಟಿ ಕೊಕ್ಕೆಯ ಬಳಿಯೇ ಸಡಿಲವಾಗಿ ಜಾರಿದರೆ, ಕೊಕ್ಕೆ ಸವೆದಿದೆ.

ಫಿಲ್ಟರ್, ಆಲಿಕೆ

ಸೋರಿಕೆ ನಿಂತ ಮೇಲೆ ಫಿಲ್ಟರ್ ತೊಳೆಯುವುದಕ್ಕೆ ಅರ್ಥವಿದೆ. ತೊಳೆಯಬಹುದಾದ ಫಿಲ್ಟರ್ ಹೌದೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ತಣ್ಣೀರು ಸಾಕು, ಸಾಬೂನು ಬೇಡ. ಹಿಂಡಿದಾಗ ಬರುವ ನೀರು ತಿಳಿಯಾಗುವವರೆಗೆ ತೊಳೆದು, ಗಾಳಿಯಾಡುವ ಕಡೆ ಕನಿಷ್ಠ 24 ಗಂಟೆ ಒಣಗಲು ಬಿಡಿ. ಅರ್ಧ ಒಣಗಿದ ಫಿಲ್ಟರ್ ಹಾಕುವುದು ದೊಡ್ಡ ತಪ್ಪು: ಒದ್ದೆಗೆ ಧೂಳು ಸೇರಿ ಕೆಸರಾಗುತ್ತದೆ, ಮುಗ್ಗಲು ವಾಸನೆ ಹಿಡಿಯುತ್ತದೆ, ತೇವ ಮೋಟಾರಿಗೂ ಹೋಗುತ್ತದೆ. ಮುಟ್ಟಿ ನೋಡಿದರೆ ಸ್ಪಂಜಿನ ಒಳಗಿನ ತೇವ ತಿಳಿಯುವುದಿಲ್ಲ. ಹಾಗಾಗಿ ನಾನು ಹೊಸ ಫಿಲ್ಟರನ್ನು ತಂದ ದಿನವೇ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಅದರ ಅಂಚಿನ ಮೇಲೆ ತೂಕವನ್ನು ಬರೆದಿಡುತ್ತೇನೆ. ತೊಳೆದ ಮೇಲೆ ತೂಕ ಮತ್ತೆ ಅದೇ ಅಂಕಿಯ ಬಳಿ ಬಂದು ನಿಂತಾಗ ಮಾತ್ರ ಒಣಗಿದೆ ಎಂದು ನಂಬುತ್ತೇನೆ. ತೊಳೆಯುವ ಮುನ್ನ ತೂಗಿದರೆ ಎಷ್ಟು ಧೂಳು ಸೈಕ್ಲೋನನ್ನು ತಪ್ಪಿಸಿಕೊಂಡು ಬಂದಿದೆ ಎಂಬುದೂ ಗ್ರಾಂ ಲೆಕ್ಕದಲ್ಲಿ ಸಿಗುತ್ತದೆ. ಎರಡು ಸೈಕ್ಲೋನ್‌ಗಳನ್ನು ಹೋಲಿಸಲು ಇದಕ್ಕಿಂತ ಪ್ರಾಮಾಣಿಕವಾದ ಅಳತೆ ಮನೆಯಲ್ಲಿ ಸಿಗದು ಎಂಬುದು ನನ್ನ ಅಭಿಪ್ರಾಯ. ಫಿಲ್ಟರನ್ನೇ ತೆಗೆದಿಟ್ಟು ಯಂತ್ರ ಓಡಿಸಿ ನೋಡುವ ಪರೀಕ್ಷೆ ಬೇಡ. ಧೂಳೆಲ್ಲ ಮೋಟಾರಿನೊಳಗೆ ಹೋಗುತ್ತದೆ. ಬದಲಿ ಫಿಲ್ಟರ್ ಒಂದನ್ನು ಇಟ್ಟುಕೊಳ್ಳಿ.

ಸೀಲ್ ಸರಿಯಿದ್ದು, ಫಿಲ್ಟರ್ ಸ್ವಚ್ಛವಿದ್ದು, ತೂತಿನ ಅಳತೆ ಇನ್ನೂ ಕಡಿಮೆಯೇ ಇದ್ದರೆ ಆಲಿಕೆಗಳ ಕೆಳತುದಿ ನೋಡಿ. ಗೋಡೆ ಕೆರೆದಾಗ ಉದುರುವ ಪುಡಿ, ಗಾರೆಯ ಧೂಳು, ಟಾಲ್ಕಂ ಪೌಡರ್ ಇವೆಲ್ಲ ಆಲಿಕೆಯ ಕಿರಿದಾದ ತುದಿಯಲ್ಲಿ ಬಿರಡೆಯಂತೆ ಗಟ್ಟಿಯಾಗುತ್ತವೆ. ಅಂಥ ಆಲಿಕೆ ಧೂಳನ್ನು ಕೆಳಗೆ ಬಿಡಲಾರದೆ ಮೇಲಕ್ಕೇ ಕಳಿಸುತ್ತದೆ. ಒಣ ಹವೆಯಲ್ಲಿ ಪ್ಲಾಸ್ಟಿಕ್ಕಿಗೆ ಏರುವ ಸ್ಥಾಯಿ ವಿದ್ಯುತ್ತೂ ನಯವಾದ ಧೂಳನ್ನು ಗೋಡೆಗೆ ಅಂಟಿಸಿಡುತ್ತದೆ. ಅಂಗೈಯಿಂದ ತಟ್ಟಿ, ಮೆತ್ತನೆಯ ಕುಂಚದಿಂದ ಬಿಡಿಸಿ. ಆಲಿಕೆಗಳ ಗೊಂಚಲನ್ನು ನೀರಿಗೆ ಹಾಕುವ ಮೊದಲು ಕೈಪಿಡಿ ನೋಡಲೇಬೇಕು, ಬಹಳಷ್ಟು ಯಂತ್ರಗಳಲ್ಲಿ ಅದನ್ನು ತೊಳೆಯುವಂತಿಲ್ಲ. ಇನ್ನು ಡಬ್ಬಿಯನ್ನು ಗುರುತಿನ ಗೆರೆ ಮೀರಿ ತುಂಬಿಸಿದರೆ ಸುತ್ತುವ ಗಾಳಿ ಕೂತ ಕಸವನ್ನೇ ಕೆದಕಿ ಎಬ್ಬಿಸುತ್ತದೆ. ಆಗ ಯಾವ ಸೀಲ್ ಇದ್ದರೂ ಪ್ರಯೋಜನವಿಲ್ಲ.

ಮೋಟಾರಿನ ಕಡೆ

ಮುಚ್ಚಿದ ಅಳತೆ ಕಡಿಮೆಯಿದ್ದು ಎಲ್ಲೂ ಸೋರಿಕೆ ಸಿಗದಿದ್ದರೆ ಮಾತ್ರ ಮೋಟಾರನ್ನು ಅನುಮಾನಿಸಿ. ಯಂತ್ರ ಆರಿಸಿದ ಮೇಲೆ ಅದು ನಿಲ್ಲುವ ಸದ್ದನ್ನು ಆಲಿಸಿ. ಒಳ್ಳೆಯ ಬೇರಿಂಗ್ ಇದ್ದರೆ ದನಿ ಜಾರುಬಂಡೆಯಲ್ಲಿ ಜಾರಿದಂತೆ ನಯವಾಗಿ ಇಳಿದು ಮೌನವಾಗುತ್ತದೆ. ಬೇರಿಂಗ್ ಕೆಟ್ಟಿದ್ದರೆ ಬೇಗ ನಿಲ್ಲುತ್ತದೆ, ಕೊನೆಯಲ್ಲಿ ಕರಕರ ಎನ್ನುತ್ತದೆ. ಕಾರ್ಬನ್ ಬ್ರಷ್ ಸವೆದಿದ್ದರೆ ವೇಗ ಏರಿಳಿಯುತ್ತದೆ, ಕೆಲವೊಮ್ಮೆ ತಟ್ಟಿದರೆ ಮಾತ್ರ ಶುರುವಾಗುತ್ತದೆ, ಗಾಳಿ ಹೊರಬರುವ ಕಡೆ ಸುಟ್ಟ ವಾಸನೆ ಇರುತ್ತದೆ. ಬ್ರಷ್ ತುದಿಯಲ್ಲಿ ಸಣ್ಣ ನೀಲಿ ಕಿಡಿ ಸಹಜ. ಸುತ್ತಲೂ ಬೆಂಕಿಯ ಬಳೆಯಂತೆ ಕಂಡರೆ ಓಡಿಸುವುದನ್ನು ಕೂಡಲೇ ನಿಲ್ಲಿಸಬೇಕು. ಬ್ರಷ್‌ಗಳನ್ನು ಯಾವಾಗಲೂ ಜೋಡಿಯಾಗಿ ಬದಲಿಸಿ.

ಓಡುತ್ತಿದ್ದ ಯಂತ್ರ ಇದ್ದಕ್ಕಿದ್ದಂತೆ ನಿಂತು, ಒಂದು ಗಂಟೆಯ ನಂತರ ಏನೂ ಆಗದಂತೆ ಮತ್ತೆ ಶುರುವಾದರೆ, ಅದು ಬಿಸಿ ಮೀರಿದಾಗ ವಿದ್ಯುತ್ ಕಡಿಯುವ ಥರ್ಮಲ್ ಸ್ವಿಚ್ಚಿನ ಕೆಲಸ. ಸ್ವಿಚ್ ಕೆಟ್ಟಿಲ್ಲ, ಅದು ಮೋಟಾರನ್ನು ಕಾಪಾಡಿದೆ. ಅದನ್ನು ತಪ್ಪಿಸಿ ನೇರ ತಂತಿ ಜೋಡಿಸುವ ಸಾಹಸ ಎಂದೂ ಬೇಡ. ಗಾಳಿಯ ದಾರಿ ಎಲ್ಲಿ ಕಟ್ಟಿದೆ ಎಂದು ಮತ್ತೆ ಮೊದಲಿನಿಂದ ನೋಡಿ.

ಅಳತೆಗಳೆಲ್ಲ ಚೆನ್ನಾಗಿದ್ದು ನೆಲಹಾಸಿನ ಮೇಲೆ ಮಾತ್ರ ಕಸ ಏಳದಿದ್ದರೆ ತಿರುಗುವ ಬ್ರಷ್ ನೋಡಿ. ತುದಿಗಳಲ್ಲಿ ಕೂದಲು ಸುತ್ತಿ ಬಿಗಿದಿರುತ್ತದೆ, ಇಲ್ಲವೇ ಬೆಲ್ಟ್ ಹರಿದಿರುತ್ತದೆ. ಸುಟ್ಟ ರಬ್ಬರಿನ ವಾಸನೆ ಬಂದರೆ ಬೆಲ್ಟ್ ಜಾರುತ್ತಿದೆ.

ಗುಣವಾದ ಮೇಲೆ ಹೋಲಿಕೆ

ದೋಷ ನೀಗಿದ ಯಂತ್ರವನ್ನು ಸಂಗ್ರಹದ ಉಳಿದವುಗಳ ಜೊತೆ ಹೋಲಿಸುವಾಗ ಖಾಲಿ ಡಬ್ಬಿಯಿಂದ ಮಾತ್ರ ಅಳೆಯಬೇಡಿ. ಐರೋಪ್ಯ ಒಕ್ಕೂಟ 2014ರ ಸೆಪ್ಟೆಂಬರಿನಿಂದ ವ್ಯಾಕ್ಯೂಮ್ ಕ್ಲೀನರ್‌ಗಳಿಗೆ ವಿದ್ಯುತ್ ದಕ್ಷತೆಯ ಪಟ್ಟಿ ಅಂಟಿಸುವುದನ್ನು ಕಡ್ಡಾಯ ಮಾಡಿತ್ತು. ಅದರ ಪರೀಕ್ಷೆಗಳು ಧೂಳಿಲ್ಲದ ಖಾಲಿ ಯಂತ್ರದ ಮೇಲೆ ನಡೆಯುತ್ತಿದ್ದವು. ಡೈಸನ್ ಸಂಸ್ಥೆ ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಯಿತು. 2018ರ ನವೆಂಬರ್ 8ರಂದು ಒಕ್ಕೂಟದ ಜನರಲ್ ಕೋರ್ಟ್, ನಿಜ ಬಳಕೆಗೆ ಹತ್ತಿರವಾದ ಸ್ಥಿತಿಯಲ್ಲಿ ಅಳೆಯಬೇಕಿತ್ತು ಎಂದು ಹೇಳಿ ಆ ನಿಯಮವನ್ನು ರದ್ದುಮಾಡಿತು. ವ್ಯಾಪಾರದ ಜಗಳವನ್ನು ಬದಿಗಿಟ್ಟು ನೋಡಿದರೂ ಆ ಮಾತು ನನಗೆ ಒಪ್ಪಿಗೆ. ಖಾಲಿ ಇರುವಾಗ ಎಲ್ಲ ಸೈಕ್ಲೋನ್‌ಗಳೂ ಸೊಗಸಾಗಿ ಎಳೆಯುತ್ತವೆ. ನನ್ನ ಪುಸ್ತಕದಲ್ಲಿ ಪ್ರತಿ ಯಂತ್ರಕ್ಕೂ ನಾಲ್ಕು ಅಂಕಿಗಳಿವೆ: ಖಾಲಿ ಡಬ್ಬಿಯಲ್ಲಿ ಎರಡು ಅಳತೆ, ತೂಗಿಟ್ಟ ಅಷ್ಟೇ ಧೂಳನ್ನು ಎಳೆಸಿದ ಮೇಲೆ ಎರಡು ಅಳತೆ. ಜೊತೆಗೆ ಫಿಲ್ಟರಿನ ತೂಕ.

ಕಪಾಟಿಗೆ ಹಿಂತಿರುಗಿಸುವ ಯಂತ್ರದ ಡಬ್ಬಿ ಖಾಲಿಯಾಗಿರಲಿ, ಫಿಲ್ಟರ್ ಒಣಗಿರಲಿ, ಹೋಸನ್ನು ಬಿಗಿಯಾಗಿ ಸುತ್ತಿಡಬೇಡಿ. ತಳದ ಮುಚ್ಚಳವನ್ನು ಕೊಕ್ಕೆ ಹಾಕದೆ ಸಡಿಲವಾಗಿ ಬಿಟ್ಟರೆ ರಬ್ಬರ್ ಒಂದೇ ಆಕಾರಕ್ಕೆ ಒತ್ತಿ ಚಪ್ಪಟೆಯಾಗುವುದಿಲ್ಲ. ಲಿಥಿಯಂ ಬ್ಯಾಟರಿಯ ಯಂತ್ರಗಳನ್ನು ಪೂರ್ತಿ ಖಾಲಿಯಾಗಿಯೂ ಇಡಬಾರದು, ಪೂರ್ತಿ ತುಂಬಿಸಿಯೂ ಇಡಬಾರದು. ಅರ್ಧದಷ್ಟು ಚಾರ್ಜ್ ಇರುವಂತೆ ನೋಡಿಕೊಂಡು ತಂಪಾದ ಜಾಗದಲ್ಲಿಡಿ, ಕೆಲವು ತಿಂಗಳಿಗೊಮ್ಮೆ ಪರೀಕ್ಷಿಸಿ. ಉಬ್ಬಿದ ಬ್ಯಾಟರಿ ಕಂಡರೆ ಚಾರ್ಜ್ ಮಾಡುವ ಪ್ರಯತ್ನವನ್ನೇ ಮಾಡದೆ ಬೇರ್ಪಡಿಸಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ.

ಸೀಲ್ ಸರಿಮಾಡಿ ಐದು ತಿಂಗಳಾದ ಮೇಲೆ ಆ ಎರಡನೆಯ ಯಂತ್ರದ ಫಿಲ್ಟರನ್ನು ತೆಗೆದು ತೂಗಿದೆ. ಹೊಸದಾಗಿದ್ದಾಗ 38 ಗ್ರಾಂ ಎಂದು ಅಂಚಿನಲ್ಲಿ ಬರೆದಿತ್ತು. ತಕ್ಕಡಿ 39 ತೋರಿಸಿತು. ತೊಳೆಯದೆ ಹಾಗೆಯೇ ಮತ್ತೆ ಹಾಕಿದೆ.